ಹಿಂದುಮುಂದಾದ ನೆರಿಗೆಯ ಅಕ್ಕೋರು

ನಮ್ಮ ಬೀದಿಯಲ್ಲಿ ಯಾರದೇ ಮದುವೆಯಾಗಲಿ, ಅಕ್ಕಿಕಾಳು ಬಿದ್ದ ಮೇಲೆ ಮದುಮಗಳ ಹತ್ತಿರ ಹೋಗಿ, ಅವಳ ರವಿಕೆಯ ತೋಳಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಒಳಮಗ್ಗುಲು ಮಗುಚಿ ನೋಡುವ ಒಬ್ಬ ಹೆಂಗಸು ಇದ್ದರು. ಮೊದಲು ಹೊಲಿಗೆ, ಆಶೀರ್ವಾದ ಆಮೇಲೆ. ಒಳಗಿನ ಹೊಲಿಗೆ ನೆಟ್ಟಗಿದ್ದರೆ "ನೂರು ವರ್ಷ ಬಾಳವ್ವ" ಎನ್ನುತ್ತಿದ್ದರು. ಸೊಟ್ಟಗಿದ್ದರೆ "ಬಾಳವ್ವ, ಹುಷಾರಾಗಿ ಬಾಳು" ಎಂದು ತಲೆ ಸವರಿ ಊಟದ ಪಂಕ್ತಿಗೆ ಹೋಗುತ್ತಿದ್ದರು. ಗಂಡಿನ ಕಡೆಯವರು ಇದು ಈ ಊರಿನ ಶಾಸ್ತ್ರವಿರಬೇಕು ಎಂದುಕೊಂಡು ಸುಮ್ಮನಿರುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ಅದನ್ನು ಯಾರೂ ಬಳಸಿದ್ದಿಲ್ಲ. ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದಿದ್ದ ಹೆಂಚಿನ ಕಟ್ಟಡವೊಂದರಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದರು. ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಅನ್ನುತ್ತೇವಲ್ಲ, ಹಾಗೆ ಇವರು ಹೊಲಿಗೆ ಅಕ್ಕೋರು. ಅವರ ಗಂಡ ಕೂಡ "ಅಕ್ಕೋರು ಮನೇಲಿಲ್ಲ" ಎಂದೇ ಹೇಳುತ್ತಿದ್ದರು. ಆ ಪುಣ್ಯಾತ್ಮರು ಅಡಿಕೆ ಮಂಡಿಯಲ್ಲಿ ಗುಮಾಸ್ತರು, ಮಾತು ಕಡಿಮೆ. ಊರಿಗೆಲ್ಲ ಹೊಲಿಗೆ ಕಲಿಸಿದ ಹೆಂಡತಿ ಅವರಿಗೆ ಒಂದು ಅಂಗಿ ಹೊಲಿದುಕೊಟ್ಟವರಲ್ಲ. ಅವರು ದಾವಣಗೆರೆಯಿಂದ ರೆಡಿಮೇಡ್ ತಂದು ಹಾಕಿಕೊಳ್ಳುತ್ತಿದ್ದರು. ಯಾಕೆ ಅಂತ ಕೇಳಿದರೆ ಅಕ್ಕೋರು, "ಗಂಡನಿಗೆ ಹೊಲಿದ್ರೆ ಅಳತೆ ಸರಿ ಇಲ್ಲ ಅಂತಾನೆ. ಅಳತೆ ಸರಿ ಇಲ್ಲದೋನು ಅವನೋ ಅಂಗಿಯೋ ಅಂತ ಜಗಳ ಶುರುವಾಗುತ್ತೆ. ಯಾಕೆ ಬೇಕವ್ವ?" ಎನ್ನುತ್ತಿದ್ದರು.

ಕುಳ್ಳಗೆ ದುಂಡಗಿದ್ದರು. ಹಣೆಯ ಮೇಲೆ ಢಾಳಾಗಿ ವಿಭೂತಿ, ಕನ್ನಡಕಕ್ಕೆ ಕರಿದಾರ. ಎಡಗಡೆ ಸೆರಗಿನಲ್ಲಿ ಯಾವಾಗಲೂ ದಾರ ಪೋಣಿಸಿದ ಸೂಜಿ ಚುಚ್ಚಿರುತ್ತಿತ್ತು. ಹಾಗಾಗಿ ಅವರನ್ನು ತಬ್ಬಿಕೊಂಡು ಅಳುವ ಹಾಗಿರಲಿಲ್ಲ. ತವರು ಬಿಟ್ಟು ಹೋಗುವ ಎಷ್ಟೋ ಹುಡುಗಿಯರು ಅವರನ್ನು ತಬ್ಬಿಕೊಂಡು, ಅಳು ಬರುವ ಮೊದಲೇ "ಅಯ್ಯಯ್ಯೋ" ಎಂದು ಹಿಂದೆ ಸರಿದದ್ದನ್ನು ನಾನೇ ನೋಡಿದ್ದೇನೆ.

ಅವರ ಕ್ಲಾಸಿಗೆ ಸೇರುವುದು ಸುಲಭವಿರಲಿಲ್ಲ. ಹೊಸ ಹುಡುಗಿ ಬಂದರೆ ಕತ್ತರಿ ಕೊಡುತ್ತಿರಲಿಲ್ಲ, ಮಿಷನ್ ಮುಟ್ಟಿಸುತ್ತಿರಲಿಲ್ಲ. ಯಾರೋ ಕೆಡಿಸಿಟ್ಟ ಹಳೆಯ ರವಿಕೆಯೊಂದನ್ನು ಮಡಿಲಿಗೆ ಎಸೆದು, ಅರ್ಧ ಬ್ಲೇಡು ಕೈಗಿತ್ತು, "ಬಟ್ಟೆಗೆ ಗಾಯ ಆಗದಂಗೆ ಹೊಲಿಗೆ ಬಿಚ್ಚು ನೋಡಣ" ಎನ್ನುತ್ತಿದ್ದರು. ಹುಡುಗಿ ಅವಸರ ಮಾಡಿ ಬಟ್ಟೆ ಹರಿದಳೋ, ಮತ್ತೊಂದು ರವಿಕೆ. ಹಲವರು ಬೇಸತ್ತು ವಾರದೊಳಗೆ ಓಡಿಹೋಗುತ್ತಿದ್ದರು. "ಹೊಲಿಯಾಕೆ ಕೋತಿಗೂ ಬರುತ್ತೆ. ತಪ್ಪಿದ್ದನ್ನ ಬಿಚ್ಚಾಕೆ ಬಂದೋನೇ ಟೈಲರ್" ಎಂಬುದು ಅವರ ಮಾತು.

ಈ ಅಳತೆಗೋಲನ್ನು ಅವರು ಬಟ್ಟೆಗೆ ಮಾತ್ರ ಇಟ್ಟುಕೊಂಡಿದ್ದರೆ ನನ್ನ ಪಾಡಿಗೆ ನಾನು ಇರುತ್ತಿದ್ದೆ. ಊರಿನ ಯಾವ ಕಸುಬಿನವನೂ ಅದರಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಬೀದಿಯಲ್ಲಿ ಯಾರದೋ ಮದುವೆಗೆ ಅಡುಗೆಯವನನ್ನು ಗೊತ್ತುಮಾಡಬೇಕು, ಅಕ್ಕೋರನ್ನು ಕರೆಯುತ್ತಾರೆ. ಅವರು ಪಾಯಸದ ಮಾತು ಎತ್ತುವುದಿಲ್ಲ, ಹೋಳಿಗೆಯ ಮಾತು ಎತ್ತುವುದಿಲ್ಲ. "ಸಾರಿಗೆ ಉಪ್ಪು ಜಾಸ್ತಿ ಆದ್ರೆ ಏನು ಮಾಡ್ತೀಯಪ್ಪಾ?" ಎಂದು ಕೇಳುತ್ತಾರೆ. "ನನ್ನ ಕೈಯಾಗೆ ಜಾಸ್ತಿ ಆಗಂಗೇ ಇಲ್ಲ ಬಿಡ್ರಿ" ಎಂದು ಮೀಸೆ ತಿರುವಿದವನು ಹಾಗೆಯೇ ಬಾಗಿಲಿಗೆ. "ಹಿಟ್ಟಿನ ಉಂಡೆ ಬಿಡ್ತೀನಿ ಅಕ್ಕೋರೆ, ಅದಕ್ಕೂ ಬಗ್ಗದಿದ್ರೆ ಬೇಳೆ ಬೇಯಿಸಿ ಸುರೀತೀನಿ" ಎಂದವನಿಗೆ ವೀಳ್ಯ. ಹಾಗೆ ಆರಿಸಿದ ಅಡುಗೆಯವನ ಸಾರಿಗೆ ಉಪ್ಪು ಜಾಸ್ತಿಯಾದದ್ದೂ ಉಂಟು. ಅಕ್ಕೋರು ಎರಡು ಸಲ ಹಾಕಿಸಿಕೊಂಡು ಉಂಡು, "ನೋಡ್ರಿ, ಹೆಂಗೆ ಸರಿಮಾಡಿದಾನೆ!" ಎಂದು ಹೊಗಳಿದರು. ಉಳಿದವರೆಲ್ಲ ನೀರು ಕುಡಿಯುತ್ತಿದ್ದೆವು.

ಇಷ್ಟು ಹೇಳಿದ ಮೇಲೆ ಅವರ ತಪ್ಪಿನ ಕಥೆ ಹೇಳದಿದ್ದರೆ ಪಾಪ ಬರುತ್ತದೆ. ತೋಳಿಗೆ ಬುಗ್ಗೆ ಇಡುವ ಫ್ಯಾಶನ್ ಊರಿಗೆ ಬಂದ ಕಾಲ ಅದು. ಬುಗ್ಗೆ ತೋಳಿನ ನೆರಿಗೆಗಳನ್ನು ಹೆಗಲ ಮೇಲೆ ಮುಂದಕ್ಕೆ ಮಡಿಚಬೇಕು. ಅಕ್ಕೋರು ಅದರ ಚಿತ್ರವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಕಿಟಕಿಯಾಚೆ ನಲ್ಲಿಯ ಹತ್ತಿರ ಕೊಡಪಾನದ ಜಗಳ ಶುರುವಾಯಿತು. ಜಗಳ ಬಹಳ ಚೆನ್ನಾಗಿತ್ತಂತೆ. ಇವರು ಒಂದು ಕಣ್ಣನ್ನು ಅಲ್ಲಿಟ್ಟು ಬರೆದದ್ದು ತಿರುವುಮುರುವು. ಆ ವರ್ಷದ ಹುಡುಗಿಯರೆಲ್ಲ ನೆರಿಗೆಯನ್ನು ಹಿಂದಕ್ಕೆ ಮಡಿಚುವುದನ್ನೇ ಕಲಿತು, ಪಾಸಾಗಿ, ಅಂಗಡಿ ಇಟ್ಟು, ಮದುವೆಯಾಗಿ ಹೋದರು. ಅಕ್ಕೋರಿಗೆ ಗೊತ್ತಾಗುವ ಹೊತ್ತಿಗೆ ಹಿಂದುಮುಂದಾದ ನೆರಿಗೆ ತ್ಯಾವಣಿಗೆಯಲ್ಲಿತ್ತು, ಬಸವಾಪಟ್ಟಣದ ಸಂತೆಯಲ್ಲಿತ್ತು, ಬಸ್ಸು ಹತ್ತಿ ಹೊನ್ನಾಳಿಯ ಕಡೆ ಹೊರಟಿತ್ತು. ಅವರು ಮನೆಮನೆಗೆ ಹೋಗಿ "ಬಿಚ್ಚಿ ಕೊಡ್ತೀನಿ ಕೊಡ್ರವ್ವ" ಎಂದು ಅಂಗಲಾಚಿದರು. ಹೆಂಗಸರು ಕೊಡಲಿಲ್ಲ. "ಹಿಂಗೇ ಚೆಂದ ಐತೆ ಬಿಡ್ರಿ ಅಕ್ಕೋರೆ, ಚನ್ನಗಿರಿ ತೋಳು ಅಂತ ಕೇಳ್ಕೊಂಡು ಬರ್ತಾರೆ" ಎಂದರು. ತಾಲ್ಲೂಕಿಗೆಲ್ಲ ಬಿಚ್ಚುವುದನ್ನು ಕಲಿಸಿದವರಿಗೆ ತಮ್ಮ ತಪ್ಪೊಂದನ್ನು ಬಿಚ್ಚಲಾಗಲಿಲ್ಲ. ಬೀದಿಯಲ್ಲಿ ಅಂಥ ತೋಳು ಎದುರಾದರೆ ಅವರು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ದಿನಕ್ಕೆ ಎಷ್ಟು ಸಲ ಅಂತ ತಿರುಗಿಸುವುದು, ಕತ್ತು ನೋವು ಬಂದು ಬಿಟ್ಟರು.

ಇನ್ನು ನನ್ನ ಮುಖದ ವಿಷಯ. ಚಿಕ್ಕಂದಿನಲ್ಲಿ ನನಗೆ ಸಿಡುಬು ಆಗಿತ್ತು. ಜೀವ ಉಳಿಯಿತು, ಎರಡೂ ಕೆನ್ನೆಯ ಮೇಲೆ ಗುಳಿಗಳು ಉಳಿದವು. ಬಲಗೆನ್ನೆ ಪರವಾಗಿಲ್ಲ, ಎಡಗೆನ್ನೆ ಮಾತ್ರ ಆಲಿಕಲ್ಲು ಬಿದ್ದ ನೆಲ. ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ನೋಡಲು ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು, "ತಿಳಿಸ್ತೀವಿ" ಎಂದು ಹೋಗಿ, ತಿಳಿಸುತ್ತಿರಲಿಲ್ಲ. ನಾನು ಬಲಗೆನ್ನೆಯನ್ನೇ ಮುಂದೆ ಮಾಡಿ ಕೂತು ಕೂತು ಸೊಟ್ಟ ಕತ್ತಿನ ಹುಡುಗಿ ಎಂಬ ಹೆಸರೂ ಬರುವುದರಲ್ಲಿತ್ತು. ಆಗ ಜಗಳೂರಿನ ಕಡೆಯಿಂದ ಒಂದು ಒಳ್ಳೆಯ ಸಂಬಂಧ ಬಂತು. ಹುಡುಗ ಸರ್ಕಾರಿ ನೌಕರ, ಮನೆತನವೂ ಚೆನ್ನಾಗಿತ್ತು. ಮುಂದಿನ ತಿಂಗಳು ನೋಡಲು ಬರುತ್ತೇವೆಂದರು. ಇದೂ ಹೋದರೆ ನನ್ನ ಕಥೆ ಮುಗಿಯಿತು ಎಂದು ನಾನೂ ನಮ್ಮವ್ವನೂ ಮನಸ್ಸಿನಲ್ಲೇ ನಿರ್ಧರಿಸಿಬಿಟ್ಟಿದ್ದೆವು.

ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಹಳದಿ ಕಾಗದ ಕಾಣಿಸಿಕೊಂಡಿತು. ಮುಖದ ಗುಳಿ, ಸುಕ್ಕು, ಕಲೆ ಒಂದೇ ಇಂಜೆಕ್ಷನ್ನಿಗೆ ಮಾಯ. ಬೊಂಬಾಯಿಯಿಂದ ಬಂದ ಡಾಕ್ಟರು ಹೊನ್ನಾಳಿಯ ಲಾಡ್ಜೊಂದರಲ್ಲಿ ಸಿಗುತ್ತಾರೆ. ಆ ಕಾಗದವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಎರಡೂ ಕೆನ್ನೆ ಇಟ್ಟುಕೊಂಡು ಜಗಳೂರಿನವರ ಮುಂದೆ ನೆಟ್ಟಗೆ ಕೂತ ಹಾಗೆ, ಅವರು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡ ಹಾಗೆ ಕಣ್ಣಿಗೆ ಕಟ್ಟುತ್ತಿತ್ತು.

ಅವ್ವ ಒಪ್ಪಿದಳು, ಆದರೆ "ಎದುರುಮನೆ ಅಕ್ಕೋರು ಜೊತೆಗೆ ಬಂದ್ರೆ ಮಾತ್ರ" ಎಂದಳು. ಅವರು ಬುದ್ಧಿ ಹೇಳುತ್ತಾರೆ, ಅಂದ ಮುಖ್ಯವಲ್ಲ ಗುಣ ಮುಖ್ಯ ಎನ್ನುತ್ತಾರೆ ಎಂದುಕೊಂಡೆ. ಅವರು ಹಾಗೇನೂ ಅನ್ನಲಿಲ್ಲ. ಕನ್ನಡಕ ಏರಿಸಿಕೊಂಡು ನನ್ನ ಕೆನ್ನೆಯನ್ನು ಬೆಳಕಿಗೆ ಹಿಡಿದು ನೋಡಿ, "ಚೆಂದ ಕಾಣ್ಬೇಕು ಅನ್ನೋದು ತಪ್ಪೇನವ್ವ? ನಾನು ಕೂದಲಿಗೆ ಕಪ್ಪು ಹಚ್ಚಲ್ವಾ? ಹಚ್ಚೋ ಮೊದಲು ಯಜಮಾನರ ಮೀಸೆಗೆ ಹಚ್ಚಿ ನೋಡ್ದೆ. ವಾರ ಆದ್ರೂ ಮೀಸೆ ಅಲ್ಲೇ ಇತ್ತು, ಆಮೇಲೆ ನಾನು ಹಚ್ಕೊಂಡೆ. ನಡಿ, ನಿನ್ನ ಡಾಕ್ಟರನ್ನ ನೋಡಣ" ಎಂದರು. ಒಳಗೆ ಪೇಪರ್ ಓದುತ್ತಿದ್ದ ಯಜಮಾನರು ಮೀಸೆ ಮುಟ್ಟಿ ನೋಡಿಕೊಂಡರು.

ಹೊನ್ನಾಳಿಯ ಆ ಡಾಕ್ಟರು ನೋಡಲು ಬಹಳ ಲಕ್ಷಣವಾಗಿದ್ದ. ಬಿಳಿ ಸಫಾರಿ, ಕೈಗೆ ಬಂಗಾರದ ಬಣ್ಣದ ಗಡಿಯಾರ, ಮೈಯಿಂದ ಅತ್ತರಿನ ವಾಸನೆ. ನನಗಂತೂ ನೋಡಿದ ಕೂಡಲೇ ನಂಬಿಕೆ ಬಂದುಬಿಟ್ಟಿತು. ಅಕ್ಕೋರು ಎಲ್ಲಿ ಓದಿದಿರಿ ಎಂದು ಕೇಳಿದರು. ಅವನು ಗೋಡೆಯ ಮೇಲೆ ಗಾಜಿನ ಕಟ್ಟು ಹಾಕಿಸಿ ತೂಗುಹಾಕಿದ್ದ ಸರ್ಟಿಫಿಕೇಟಿನತ್ತ ಬೆರಳು ತೋರಿಸಿದ. ಬೇರೆಯವರಾದರೆ ಅದನ್ನು ಓದುತ್ತಿದ್ದರು. ಇವರು ಮೊಳೆಯಿಂದ ಇಳಿಸಿ, ತಿರುಗಿಸಿ, ಹಿಂಭಾಗವನ್ನು ಬೆರಳಲ್ಲಿ ಒತ್ತಿ ನೋಡಿದರು.

"ಗೋಂದು ಇನ್ನೂ ಹಸಿ ಐತಲ್ಲ ಡಾಕ್ಟ್ರೇ."

"ಹಳೇ ಕಟ್ಟು ಒಡೆದುಹೋಯ್ತಮ್ಮ" ಎಂದ ಅವನು.

"ಒಡೆಯಲ್ವಾ ಮತ್ತೆ, ಪಾಪ" ಎಂದು ನಾನು ಅವನ ಪರವಾಗಿ ಹೇಳಿದೆ. ಅಕ್ಕೋರು ನನ್ನನ್ನೊಮ್ಮೆ ನೋಡಿ ಕಟ್ಟನ್ನು ಮೊಳೆಗೆ ಸಿಕ್ಕಿಸಿದರು.

ಮೇಜಿನ ಮೇಲೊಂದು ಸೀಸೆ ಇತ್ತು. ಚೀಟಿ ಗೀಟಿ ಏನೂ ಇಲ್ಲ, ಒಳಗೆ ತಿಳಿಯಾದ ಎಣ್ಣೆಯಂಥದು. "ಇದರಲ್ಲಿ ಏನೈತ್ರಿ?" ಎಂದರು.

"ಫಾರಿನ್ ಔಷಧಿ. ಹೆಸರು ಹೇಳೋ ಹಂಗಿಲ್ಲ."

"ಯಾವ ಬಟ್ಟೆ ಅಂತ ಹೇಳದೆ ನಾನು ರವಿಕೆ ಹೊಲಿದು ಕೊಟ್ರೆ ನಿಮ್ಮ ಹೆಂಡ್ರು ಹಾಕ್ಕೊಂತಾರೇನ್ರಿ?"

ಅವನು ನಕ್ಕ. ಅಕ್ಕೋರೂ ನಕ್ಕರು. ನಗುತ್ತಲೇ ಮುಂದಕ್ಕೆ ಬಾಗಿದರು. ನನಗೆ ಗೊತ್ತಾಯಿತು, ಆ ಪ್ರಶ್ನೆ ಬಂತು ಅಂತ. ದೇವರೇ, ಸರಿಯಾದ ಉತ್ತರ ಹೇಳಲಿ ಎಂದು ಮನೆದೇವರನ್ನು ನೆನೆದೆ.

"ಆಯ್ತು ಡಾಕ್ಟ್ರೇ. ಚುಚ್ಚಿದ್ದು ಎಡವಟ್ಟಾಯ್ತು ಅಂತ ಇಟ್ಕೊಳ್ರಿ. ಅದನ್ನ ಹೊರಗೆ ತೆಗಿಯಾಕೆ ಬರುತ್ತಾ?"

"ಎಡವಟ್ಟು ಆಗೋದೇ ಇಲ್ಲಮ್ಮ. ಸಾವಿರ ಕೇಸು ಮಾಡೀನಿ."

ಮುಗಿಯಿತು. "ತಪ್ಪೇ ಆಗಲ್ಲ ಅನ್ನೋ ಟೈಲರ್ ಹತ್ರ ನಾನು ದಿಂಬಿನ ಚೀಲಾನೂ ಹೊಲಿಸಲ್ಲ" ಎಂದು ಅಕ್ಕೋರು ಎದ್ದೇಬಿಟ್ಟರು. ಅವನು ಬಿಡಬೇಕಲ್ಲ, ಒಂದು ಫೋಟೋ ತೆಗೆದು ಮುಂದಿಟ್ಟ. "ನೋಡ್ರಿ, ಈಕೆಗೂ ಕೆನ್ನೇಲಿ ದೊಡ್ಡ ಗುಳಿ ಇತ್ತು. ಈಗ ನೋಡ್ರಿ." ನಾನು ನೋಡಿದೆ. ದುಂಡನೆಯ ತುಂಬಿದ ಕೆನ್ನೆ, ಒಂದು ಚುಕ್ಕೆಯೂ ಇಲ್ಲ. ನನ್ನ ಕಣ್ಣಲ್ಲಿ ನೀರೇ ಬಂತು. ಅಕ್ಕೋರು ಆ ಫೋಟೋವನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಮುಖದ ಬಣ್ಣವೇ ಬದಲಾಯಿತು. ಸೋತರು ಎಂದು ನನಗೆ ಖುಷಿಯಾಯಿತು. "ಊಟ ಮಾಡ್ಕೊಂಡು ಬರ್ತೀವಿ ಡಾಕ್ಟ್ರೇ, ಕೈ ತೊಳ್ಕೊಂಡು ಕೂತಿರ್ರಿ" ಎಂದು ನನ್ನ ರಟ್ಟೆ ಹಿಡಿದು ಕೆಳಗಿಳಿಸಿಕೊಂಡು ಬಂದರು.

ಊಟದ ಹೋಟೆಲಿನ ಕಡೆ ಹೋಗಲಿಲ್ಲ. ನ್ಯಾಮತಿ ಬಸ್ಸಿನ ಕಡೆ ಹೊರಟರು.

"ಅಯ್ಯೋ, ಇದೆಲ್ಲಿಗೆ ಅಕ್ಕೋರೆ?"

"ನೀನು ಕೆನ್ನೆ ನೋಡ್ದೆ, ನಾನು ತೋಳು ನೋಡ್ದೆ. ಆಕೆ ರವಿಕೆ ನೆರಿಗೆ ಹಿಂದಕ್ಕೆ ಐತೆ. ಅದು ನನ್ನ ತಪ್ಪು. ಅದರ ಅಂಚಿಗೆ ಎರಡು ಸಾಲು ಲೇಸು ಐತೆ. ಒಂದು ಸಾಲು ಸಾಕು ಅಂತ ಬಡ್ಕೊಂಡ್ರೂ ಎರಡು ಸಾಲು ಹಾಕೋ ಹುಡುಗಿ ನನ್ನ ಕ್ಲಾಸಿನಾಗೆ ಒಬ್ಬಳೇ ಇದ್ದದ್ದು. ನ್ಯಾಮತಿಗೆ ಕೊಟ್ಟೈತೆ ಅವಳನ್ನ. ನನ್ನ ತಪ್ಪಿನ ಮೇಲೆ ಅವಳ ತಪ್ಪು! ಹತ್ತು ಬೇಗ."

ನ್ಯಾಮತಿಯಲ್ಲಿ ಆ ಶಿಷ್ಯೆ ಗುರುವನ್ನು ಕಂಡು ಗಾಬರಿಯಾಗಿ ಮಿಷನ್ನಿಗೆ ಬಟ್ಟೆ ಮುಚ್ಚಿದಳು. ಎರಡು ಸಾಲು ಲೇಸಿನ ವಿಷಯಕ್ಕೆ ಬೈಯಲು ಬಂದಿದ್ದಾರೆ ಎಂದುಕೊಂಡಳು ಪಾಪ. ಫೋಟೋದಲ್ಲಿದ್ದವಳ ರವಿಕೆ, ಕೆನ್ನೆಯ ಗುರುತು ಹೇಳಿದಾಗ ಅದು ಯಾರೆಂದು ಹೇಳುವುದು ಅವಳಿಗೆ ಕಷ್ಟವಾಗಲಿಲ್ಲ. ಊರಲ್ಲಿ ಬಳೆ ಅಂಗಡಿ ಇಟ್ಟ ಹೆಂಗಸು ಅದು. ನಾವು ಅಂಗಡಿಗೆ ಹೋದಾಗ ಆಕೆ ಒಬ್ಬ ಮುದುಕಿಗೆ ಬಳೆ ತೊಡಿಸುತ್ತಿದ್ದಳು. ಮುಖದ ಅರ್ಧಕ್ಕೆ ಸೆರಗು ಎಳೆದುಕೊಂಡಿದ್ದಳು.

ವಿಷಯ ಹೇಳಿದ ಮೇಲೆ ಸೆರಗು ಸರಿಸಿದಳು. ಕೆನ್ನೆಯ ಮೂಳೆಯ ಕೆಳಗೆ ಒಂದು ಗಡ್ಡೆ, ಸುತ್ತ ಕೆಂಪಗೆ ಬಿಗಿದುಕೊಂಡ ಚರ್ಮ. ಆ ಫೋಟೋ ಚುಚ್ಚಿದ ದಿನವೇ ತೆಗೆದದ್ದಂತೆ. ಊದಿಕೊಂಡಿತ್ತು, ಅದಕ್ಕೇ ಅಷ್ಟು ಚೆಂದ ಕಂಡಿತ್ತು.

"ಮೊದಲು ಗುಂಡಿ ಇತ್ತು ಕಣವ್ವ, ಈಗ ಗುಡ್ಡ ಆಗೈತೆ" ಎಂದು ಆಕೆ ನಕ್ಕಳು. "ಬ್ಯಾಸಿಗೆ ಬಂದಾಗಿಂದ ಗುಡ್ಡ ಕೆಳಕ್ಕೆ ಇಳೀತೈತೆ. ಮುಂದಿನ ವರ್ಷ ಕತ್ತಿನಾಗೆ ಹುಡುಕಬೇಕೋ ಏನೋ."

"ಅವನ ಹತ್ರ ಹೋಗಿ ಕೇಳಲಿಲ್ವಾ?" ಎಂದರು ಅಕ್ಕೋರು.

"ಹೋಗಿದ್ದೆ. ನಿನಗೆ ಚುಚ್ಚಿದ್ದು ನಾನಲ್ಲ, ನಮ್ಮಣ್ಣ, ನೋಡಾಕೆ ನನ್ನಂಗೇ ಅದಾನೆ ಅಂದ."

ಇದಕ್ಕೆ ನಾವು ಮೂವರೂ ಬಿದ್ದು ಬಿದ್ದು ನಕ್ಕೆವು. ನಗುತ್ತಿರುವಾಗಲೇ ಆಕೆ ನನ್ನ ಬೆರಳು ಹಿಡಿದು ತನ್ನ ಕೆನ್ನೆಯ ಮೇಲೆ ಇಟ್ಟಳು. ಒಣಗಿದ ಬಟ್ಟಲಡಿಕೆಯ ಹಾಗೆ ಗಟ್ಟಿಯಾಗಿತ್ತು. "ರಾತ್ರಿ ಈ ಮಗ್ಗುಲು ಮಲಗಾಕೆ ಆಗಲ್ಲ" ಎಂದಳು. ನನ್ನ ನಗು ಅಲ್ಲೇ ನಿಂತಿತು. ಬೆರಳು ತೆಗೆಯಲೂ ಆಗಲಿಲ್ಲ. ಇನ್ನೊಂದು ಕೈ ತಾನಾಗಿಯೇ ನನ್ನ ಕೆನ್ನೆಗೆ ಹೋಗಿತ್ತು. ಜೀವಮಾನದಲ್ಲಿ ಮೊದಲ ಸಲ ನನ್ನ ಗುಳಿಗಳು ಮೆತ್ತಗಿವೆ ಎಂದು ಗೊತ್ತಾಯಿತು.

ಆಕೆ ಅಂಗಡಿ ಮುಚ್ಚಿ ನಮ್ಮೊಂದಿಗೆ ಹೊರಟಳು. ಹೊನ್ನಾಳಿಯ ಲಾಡ್ಜಿಗೆ ವಾಪಸ್ ಬರುವಷ್ಟರಲ್ಲಿ ಕೋಣೆ ಖಾಲಿ. ಗೋಡೆಯ ಮೇಲೆ ಮೊಳೆ ಮಾತ್ರ ಇತ್ತು. ಪೊಲೀಸ್ ಸ್ಟೇಷನ್ನಿಗೂ ಹೋಗಿ ಹೇಳಿ ಬಂದೆವು. ಅವರು ಬರೆದುಕೊಂಡರು. ಆ ಮನುಷ್ಯನ ಹೆಸರೇನು ಎಂದು ಕೇಳಿದಾಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಕಟ್ಟಿನ ಹಿಂಭಾಗ ನೋಡಿದವರೂ ಮುಂಭಾಗ ಓದಿರಲಿಲ್ಲ. ಇದನ್ನು ನೆನಪಿಸಿದರೆ ಅಕ್ಕೋರಿಗೆ ಕೊನೆಯವರೆಗೂ ಸಿಟ್ಟು ಬರುತ್ತಿತ್ತು.

ಮರುವಾರ ಆ ಬಳೆಯಾಕೆಯನ್ನೂ ಕರೆದುಕೊಂಡು ದಾವಣಗೆರೆಗೆ ಹೋದೆವು. ಅಲ್ಲಿ ಚರ್ಮದ ಡಾಕ್ಟರೊಬ್ಬರು ಇದ್ದರು. ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾರೆ, ಓದಿದ ಕಾಲೇಜು ಯಾವುದೆಂದು ಕೇಳಿದರೆ ಅಲ್ಲಿಯ ಜನವೇ ಹೇಳುತ್ತಾರೆ ಎಂದು ಅಕ್ಕೋರು ಮೊದಲೇ ವಿಚಾರಿಸಿಕೊಂಡಿದ್ದರು. ನೋಡಲು ಆ ಮನುಷ್ಯ ಏನೂ ಅಲ್ಲ. ಕೋಟು ಮುದ್ದೆಯಾಗಿತ್ತು, ಅದರ ಒಂದು ಗುಂಡಿ ಕಿತ್ತು ಜೋತಾಡುತ್ತಿತ್ತು, ಅತ್ತರೂ ಇಲ್ಲ ಗಿತ್ತರೂ ಇಲ್ಲ. ಬಳೆಯಾಕೆಯ ಕೆನ್ನೆಯನ್ನು ಬಹಳ ಹೊತ್ತು ನೋಡಿದರು. ಒಳಗಿರುವುದು ಏನೆಂದೇ ಗೊತ್ತಿಲ್ಲದೆ ಕೈ ಹಾಕುವಂತಿಲ್ಲ, ಆಪರೇಶನ್ ಮಾಡುವ ಇನ್ನೊಬ್ಬ ಡಾಕ್ಟರ ಜೊತೆ ಕೂತು ಮಾತಾಡಬೇಕು, ಪೂರ್ತಿ ತೆಗೆಯಲು ಆಗುತ್ತದೆಂದು ಈಗಲೇ ಮಾತು ಕೊಡಲಾರೆ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಇವಳ ಗುಳಿಗೆ ಇಂಜೆಕ್ಷನ್ ಐತೇನ್ರಿ?" ಎಂದರು ಅಕ್ಕೋರು.

"ದೊಡ್ಡ ಊರುಗಳಲ್ಲಿ ಏನೇನೋ ಮಾಡ್ತಾರೆ ಅಂತ ಕೇಳಿದ್ದೀನಿ. ನಾನು ಮಾಡಲ್ಲ."

"ಯಾಕ್ರಿ, ನಿಮಗೆ ಬರಲ್ವಾ?"

"ಬರಲ್ಲಮ್ಮ. ನಾನು ಕಲಿತಿಲ್ಲ. ಹಾಕಿದ ಮೇಲೆ ಗಂಟಾದ್ರೆ ಕೊಯ್ದು ತೆಗೀಬೇಕು. ಆ ಗಾಯದ ಕಲೆ ಈಗಿರೋದಕ್ಕಿಂತ ದೊಡ್ಡದಾಗುತ್ತೆ."

ಅಕ್ಕೋರ ಮುಖ ಹಬ್ಬದ ದೀಪದ ಹಾಗೆ ಬೆಳಗಿತು. "ಬರಲ್ಲ ಅಂದ್ರು ನೋಡೇ!" ಎಂದು ನನ್ನ ತೊಡೆಗೆ ಒಂದು ಬಿಗಿದರು. ನನಗೆ ಅಳು, ಅವರಿಗೆ ಸಂಭ್ರಮ. "ಮೈಮೇಲೆ ಇದ್ದಂಗೇ ಹೊಲೀಬಾರದು, ಕೋಟು ತೆಗೆದು ಕೊಡ್ರಿ" ಎಂದು ಡಾಕ್ಟರ ಕೋಟು ಬಿಚ್ಚಿಸಿ, ಸೆರಗಿನ ಸೂಜಿ ಕಿತ್ತು, ಗುಂಡಿಯನ್ನು ಭದ್ರವಾಗಿ ಹೊಲಿದುಕೊಟ್ಟರು. ಹೊರಗೆ ಕಾಯುತ್ತಿದ್ದ ರೋಗಿಗಳು ಬಾಗಿಲಿನಿಂದ ಇಣುಕಿ, ಇಲ್ಲಿ ಏನು ಚಿಕಿತ್ಸೆ ನಡೆಯುತ್ತಿದೆ ಎಂದು ತಿಳಿಯದೆ ತಬ್ಬಿಬ್ಬಾದರು.

ಬಳೆಯಾಕೆಯ ಗಡ್ಡೆಯನ್ನು ಆ ಡಾಕ್ಟರುಗಳು ಮುಂದೆ ಎರಡು ಸಲ ಕೊಯ್ದು ಮುಕ್ಕಾಲು ಭಾಗ ತೆಗೆದರು. ಕಲೆ ಉಳಿಯಿತು, ಆದರೆ ಆಕೆ ಎರಡೂ ಮಗ್ಗುಲು ಮಲಗುವ ಹಾಗಾದಳು.

ಜಗಳೂರಿನವರು ಬಂದರು. ಅಕ್ಕೋರು ನನ್ನ ಪಕ್ಕದಲ್ಲೇ ಕೂತು, ಕತ್ತು ಸೊಟ್ಟ ಮಾಡಿದಾಗಲೆಲ್ಲ ಬೆನ್ನಿಗೆ ಚಿವುಟುತ್ತಿದ್ದರು. ಹುಡುಗನ ತಾಯಿ ಕೆನ್ನೆಯನ್ನೇ ನೋಡುತ್ತ, "ಮುಖಕ್ಕೆ ಏನಾರ ಮಾಡಿಸಬೌದಿತ್ತು" ಎಂದರು. "ಏನೂ ಮುಚ್ಚಿಡದಂಗೆ ಒಳಮಗ್ಗುಲು ಮೊದಲೇ ತೋರಿಸಾಕೆ ಹತ್ತೀವ್ರಿ, ಹೊರಮಗ್ಗುಲು ನಿಧಾನಕ್ಕೆ ನೋಡ್ಕೊಳ್ರಿ" ಎಂದು ಅಕ್ಕೋರು ನಕ್ಕರು. ಅವರು ನಗಲಿಲ್ಲ. ಹೋಗಿ ನಾಲ್ಕು ದಿನಕ್ಕೆ ಬೇಡವೆಂದು ಹೇಳಿ ಕಳಿಸಿದರು.

ನಾನು ಬೀದಿ ದಾಟಿ ಅವರ ಮನೆಗೆ ಹೋದೆ. ಚಪ್ಪಲಿಯನ್ನೂ ಹಾಕಿಕೊಂಡಿರಲಿಲ್ಲ. "ನೀವೇ ನನ್ನ ಬಾಳು ಕೆಡಿಸಿದ್ರಿ. ಎಲ್ಲರದೂ ಒಳಮಗ್ಗುಲು ನೋಡ್ಕೊಂತ ಕೂತ್ಕಳ್ರಿ. ಊದಿದ್ರೆ ಊದ್ಲಿ, ಗಡ್ಡೆ ಆದ್ರೆ ಆಗ್ಲಿ, ಆ ಒಂದು ದಿನ ನಾನು ಚೆಂದ ಕಾಣ್ತಿದ್ದೆ!" ಎಂದು ಬಾಯಿಗೆ ಬಂದ ಹಾಗೆ ಬೈದೆ. ಯಜಮಾನರು ಪೇಪರ್ ಮಡಿಚಿಕೊಂಡು ಹಿತ್ತಲಿಗೆ ಹೋದರು. ಅಕ್ಕೋರು ಮಿಷನ್ ನಿಲ್ಲಿಸಿ, ಪೂರ್ತಿ ಕೇಳಿಸಿಕೊಂಡರು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಹೇಳಿದರು:

"ಆಯ್ತಾ? ನಾನು ಹೇಳಿದ್ದು ತಪ್ಪೇ ಇರಬೌದವ್ವ. ನೆರಿಗೆ ತಪ್ಪಿದೋಳು ನಾನು, ಇದೂ ತಪ್ಪಿರಬೌದು. ಆದ್ರೆ ನಾನು ಎಲ್ಲೂ ಓಡಿಹೋಗಲ್ಲ, ಎದುರುಮನೇಲೇ ಇರ್ತೀನಿ. ಸಿಟ್ಟು ಬಂದಾಗೆಲ್ಲ ಬಂದು ಬೈಯಿ. ಅವನನ್ನ ಎಲ್ಲಿ ಹುಡುಕಿ ಬೈತಿದ್ದೆ?"

ಅಷ್ಟಕ್ಕೆ ಸಿಟ್ಟು ಇಳಿಯುತ್ತದೆಯೇ? ಮರುದಿನವೂ ಹೋಗಿ ಬೈದೆ. ಅದರ ಮರುದಿನವೂ ಹೋದೆ. ಬೈಯುವಾಗ ಸುಮ್ಮನೆ ಯಾಕೆ ಕೂತಿದ್ದೀಯ ಎಂದು ಮಡಿಲಿಗೆ ಒಂದು ಕೆಟ್ಟ ರವಿಕೆ ಎಸೆದರು. ಬಿಚ್ಚುತ್ತ ಬೈದೆ. ಬೈಯುತ್ತ ಬೈಯುತ್ತ ಹೊಲಿಗೆ ಕಲಿತೆ. ವರ್ಷ ಕಳೆಯುವಷ್ಟರಲ್ಲಿ ಅವರ ಕ್ಲಾಸಿನಲ್ಲಿ ಹೊಸಬರಿಗೆ ಬ್ಲೇಡು ಕೊಡುವ ಕೆಲಸ ನನ್ನದಾಯಿತು.

ಆಮೇಲೆ ಬಂದ ಗಂಡೂ ಜಗಳೂರಿನವನೇ, ಶೇಂಗಾ ವ್ಯಾಪಾರದ ಮನೆಯವನು. ನನ್ನನ್ನು ನೆಟ್ಟಗೆ ನೋಡಿ, "ನಮ್ಮವ್ವನ ಮುಖಾನೂ ಹಿಂಗೇ ಐತೆ" ಎಂದುಬಿಟ್ಟ. ಅವ್ವ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟಳು. ನನಗೆ ಮಾತ್ರ ನಗು ಬಂತು, ತಡೆಯಲಾಗಲಿಲ್ಲ. ಅಕ್ಕೋರು ಅವನನ್ನೂ ಸುಮ್ಮನೆ ಬಿಟ್ಟಾರೆಯೇ? "ಹೆಂಡ್ತಿ ಜೊತೆ ಜಗಳ ಆದ್ರೆ ಏನು ಮಾಡ್ತೀಯಪ್ಪಾ?" ಎಂದು ಕೇಳಿದರು. ಅವನು ಬಹಳ ಯೋಚಿಸಿ, "ಮೊದಲು ಊಟ ಮಾಡ್ತೀನಿ" ಎಂದ. ಪಾಸಾದ. ನನ್ನ ಮದುವೆಯ ರವಿಕೆಯನ್ನು ನಾನೇ ಹೊಲಿದುಕೊಂಡೆ. ಅಕ್ಕಿಕಾಳು ಬಿದ್ದ ಮೇಲೆ ಅವರು ಬಂದು ತೋಳು ಮಗುಚಿದರು. ಬಹಳ ಹೊತ್ತು ನೋಡಿ, ನನ್ನ ಎಡಗೆನ್ನೆಯನ್ನು ಸವರಿದರು.

ಜಗಳೂರಿಗೆ ಹೋದ ಮೇಲೂ ಬೈಯುವುದನ್ನು ಬಿಡಲಿಲ್ಲ. ಕನ್ನಡಿ ನೋಡಿ ಬೇಜಾರಾದ ದಿನ, ಗಂಡ ಮಾತು ಬಿಟ್ಟ ದಿನ, ಹೊಲಿದ ಬಟ್ಟೆ ಕೈಕೊಟ್ಟ ದಿನ ಬಸ್ಸು ಹತ್ತಿ ಬಂದು, ಎಲ್ಲ ನಿಮ್ಮಿಂದಲೇ ಆದದ್ದು ಎಂದು ಬೈದು, ಅವರು ಕೊಟ್ಟ ಮಂಡಕ್ಕಿ ತಿಂದು, ಸಂಜೆಯ ಬಸ್ಸಿಗೆ ವಾಪಸ್ ಹೋಗುತ್ತಿದ್ದೆ. "ನಮ್ಮ ಮನೆ ದೇವಸ್ಥಾನ ಆಗೋಯ್ತು, ಇವಳು ಹರಕೆ ತೀರಿಸಾಕೆ ಬರ್ತಾಳೆ" ಎಂದು ಯಜಮಾನರು ಒಮ್ಮೆ ಹೇಳಿದರಂತೆ. ಅವರು ಅಷ್ಟು ಉದ್ದದ ಮಾತು ಆಡಿದ್ದು ಅದೊಂದೇ ಸಲ ಇರಬೇಕು.

ಹೋದ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರೆಂದು ಸುದ್ದಿ ಬಂತು. ಮಲಗಿದ್ದವರು ಏಳಲಿಲ್ಲವಂತೆ. ನಾನು ಚನ್ನಗಿರಿ ತಲುಪಿದಾಗ ಅವರನ್ನು ನಮ್ಮವರ ಪದ್ಧತಿಯಂತೆ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ವಿಭೂತಿ ಬಳಿದಿದ್ದರು, ಹೂವಿನ ಹಾರ ಹಾಕಿದ್ದರು. ಸುತ್ತ ಕೂತ ಹೆಂಗಸರನ್ನು ನೋಡಿದರೆ, ಯಾವ ಹೆಗಲ ಮೇಲೆ ನೋಡಿದರೂ ಹಿಂದಕ್ಕೆ ಮಡಿಚಿದ ನೆರಿಗೆ. ನ್ಯಾಮತಿಯ ಬಳೆಯಾಕೆಯೂ ಬಂದಿದ್ದಳು, ಮುಖಕ್ಕೆ ಸೆರಗು ಎಳೆದುಕೊಂಡಿರಲಿಲ್ಲ. ನಾನು ಹೋಗಿ ಅಕ್ಕೋರನ್ನು ತಬ್ಬಿಕೊಂಡೆ. ಅಭ್ಯಾಸಬಲದಿಂದ ಎಡಗಡೆಗೆ ಸ್ವಲ್ಪ ಜಾಗ ಬಿಟ್ಟೇ ತಬ್ಬಿಕೊಂಡೆ. ಸೆರಗಿನಲ್ಲಿ ಸೂಜಿ ಇರಲಿಲ್ಲ. ಯಾರೋ ತೆಗೆದಿಟ್ಟಿದ್ದರು.

ಆಗ ನನಗೆ ತಡೆಯಲಾರದ ಸಿಟ್ಟು ಬಂತು. "ಎದ್ದೇಳ್ರಿ ಅಕ್ಕೋರೆ! ಎಲ್ಲೂ ಓಡಿಹೋಗಲ್ಲ ಅಂದಿದ್ರಲ್ಲ, ಎದುರುಮನೇಲೇ ಇರ್ತೀನಿ ಅಂದಿದ್ರಲ್ಲ, ಈಗ ಹೋಗೇ ಬಿಟ್ರಲ್ಲ. ಸುಳ್ಳುಬುರುಕಿ! ನಾನು ಯಾರ ಮನೆ ಬಾಗಿಲಿಗೆ ಹೋಗ್ಲಿ ಇನ್ನ?" ಎಂದು ಊರು ಕೇಳುವ ಹಾಗೆ ಬೈದೆ. ಪಕ್ಕದಲ್ಲಿದ್ದ ಹಿರಿಯ ಹೆಂಗಸೊಬ್ಬರು ನನ್ನ ಭುಜ ಹಿಡಿದು, "ಸತ್ತೋರನ್ನ ಹಂಗೆಲ್ಲ ಬೈಬಾರ್ದವ್ವ, ಸುಮ್ನಿರು" ಎಂದರು.

ಮೂಲೆಯಲ್ಲಿ ಕೂತಿದ್ದ ಯಜಮಾನರು ತಲೆ ಎತ್ತಿದರು.

"ಬೈಲಿ ಬಿಡ್ರಿ" ಎಂದರು. "ಬಂದು ಬೈಯಿ ಅಂತ ಅಕ್ಕೋರೇ ಹೇಳಿದ್ದು."